ಒಮ್ಮೆ ಮನೆಗೆ ಬನ್ನಿ ಸರ್

ಹೊಸ ದೇಶದ ಇಂಟರ್‌ನ್ಯಾಷನಲ್ ಸ್ಕೂಲಿಗೆ ಗಣಿತದ ಮೇಷ್ಟ್ರು ಶಂಭುಲಿಂಗನ ಎಂಟ್ರಿಯೇನೋ ಭರ್ಜರಿಯಾಗಿಯೇ ಆಗಿತ್ತು. ಆದರೆ ನೌಕರಿ ಕಾಯಂ ಆಗಲು ಆ ದೇಶದವರೇ ಆದ ಪ್ರಿನ್ಸಿಪಾಲರ ಸಹಿ ಬೀಳಬೇಕಿತ್ತು. ಹಾಗಾಗಿ ಕಾರಿಡಾರಿನಲ್ಲಿ ಸಿಕ್ಕ ಅವರಿಗೆ, ಊರಲ್ಲಿ ಎದುರಾದವರಿಗೆಲ್ಲ ಹೇಳುವ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟ: “ಒಮ್ಮೆ ಮನೆಗೆ ಬನ್ನಿ ಸರ್.”

ಪ್ರಿನ್ಸಿಪಾಲರು ಡೈರಿ ತೆಗೆದರು. “ಶನಿವಾರ ಹನ್ನೆರಡಕ್ಕೆ?”

ಮನೆಯೆಂದರೆ ಒಂದೇ ಕೋಣೆ, ಎರಡೇ ತಾಟು.

“ಕರೀರಿ, ಇನ್ನೂ ನಾಕ್ ಮಂದೀನ ಕರೀರಿ! ನಿಮ್ಮ ನಾಲಿಗಿಗೆ ಬ್ರೇಕೇ ಇಲ್ಲ ನೋಡ್ರಿ,” ಎಂದಳು ಹೆಂಡತಿ ಮಹಾನಂದಾ.

“ಸುಮ್ನಿರು ಮಾರಾಯ್ತಿ, ಒಂದ್ ತಾಸ್ ಕುಂತು ಎದ್ದು ಹೋಗ್ತಾರ. ಸಹಿ ಬೀಳೋತನಕ ಅವರೇ ಹೀರೋ, ನಾವು ಸೈಡ್ ಆ್ಯಕ್ಟರು.”

ಶನಿವಾರ ಸರಿಯಾಗಿ ಹನ್ನೆರಡಕ್ಕೆ ಬಂದ ಹೀರೋ, “ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಸರ್” ಎಂದಷ್ಟು ಸಲವೂ ಹಾಕಿಸಿಕೊಂಡರು. ಮಹಾನಂದಾಳ ಪಾಲಿನ ರೊಟ್ಟಿ ಇಂಟರ್ವಲ್ಲಿಗೂ ಮೊದಲೇ ಮುಗಿಯಿತು. ಸಂಜೆ ಐದಕ್ಕೆ ಕೊನೆಗೂ ಎದ್ದ ಪ್ರಿನ್ಸಿಪಾಲರು ಕೋಟಿನ ಜೇಬಿನಿಂದ ಕಾಯಮಾತಿಯ ಪತ್ರ ತೆಗೆದು, ಅಲ್ಲೇ ಸಹಿ ಹಾಕಿ ಕೊಟ್ಟು, ಬಾಗಿಲ ಕಡೆ ಹೊರಟರು.

ಶಂಭುಲಿಂಗನ ಕಣ್ಣು ತುಂಬಿ ಬಂತು. ಮಹಾನಂದಾ ಹಿಂದಿನಿಂದ ಅಂಗಿ ಜಗ್ಗಿದರೂ ಬಾಯಿ ನಿಲ್ಲಲಿಲ್ಲ.

“ಇಷ್ಟು ಬೇಗ ಹೊರಟುಬಿಟ್ಟಿರಾ ಸರ್? ನಾಲ್ಕು ದಿನ ಇದ್ದು ಹೋಗಿ.”

ಪ್ರಿನ್ಸಿಪಾಲರು ಅಲ್ಲೇ ನಿಂತು, ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಮನೆಗೆ ಫೋನ್ ಹಚ್ಚಿದರು: “ಡಾರ್ಲಿಂಗ್, ನನ್ನ ಪೈಜಾಮ ತಗೊಂಡು ನೀನೂ ಬಂದುಬಿಡು, ಅಮ್ಮನನ್ನೂ ಕರಕೊಂಡು ಬಾ.”