ಆರು ತಾಯತ

“ದೋಷ ನಿಮ್ಮ ಸೊಸೆಯಲ್ಲಿಲ್ಲಮ್ಮ, ಮಗನಲ್ಲಿದೆ,” ಎಂದರು ಡಾಕ್ಟರು. ಓಬಳೇಶನ ಮೈಯ ಒಂದು ಜೀನು ಹುಟ್ಟಿನಿಂದಲೇ ಕೆಟ್ಟಿತ್ತು. ಅವನ ವೀರ್ಯಾಣುಗಳು ಅರ್ಧ ಬೆಳೆದು ನಿಂತುಬಿಡುತ್ತಿದ್ದವು. “ಆದರೆ ಸೂಜಿ ಹಾಕಿ ಹುಡುಕಿದಾಗ ಪೂರ್ತಿ ಬೆಳೆದವು ಕೆಲವು ಸಿಕ್ಕಿವೆ. ಮಗುವಿಗೆ ಅಷ್ಟು ಸಾಕು.”

ಗುಡೇಕೋಟೆಯ ತಿಪ್ಪೇರುದ್ರಮ್ಮ ಸೊಸೆ ರೋಜಾಳ ಕೊರಳು ನೋಡಿದಳು. ಮಕ್ಕಳಾಗಲೆಂದು ಒಂಬತ್ತು ವರ್ಷದಲ್ಲಿ ತಾನೇ ಕಟ್ಟಿಸಿದ ಆರು ತಾಯತ ಅಲ್ಲಿ ತೂಗುತ್ತಿದ್ದವು.

“ಕುರಿ ಗಬ್ಬ ಆಗ್ಲಿಲ್ಲಂದ್ರ ನಾವು ಮೊದ್ಲು ಟಗರು ಬದಲಿ ಮಾಡ್ತೀವ್ರಿ,” ಎಂದಳು ಡಾಕ್ಟರಿಗೆ. “ಕುರಿಹಟ್ಟ್ಯಾಗ ಇದ್ದ ಬುದ್ಧಿ ಮನ್ಯಾಗ ಇರ್ಲಿಲ್ಲ ನೋಡ್ರಿ ನಂಗ.”

ಓಬಳೇಶ ಗಾಬರಿಯಾದ. “ಯವ್ವಾ, ನನ್ನೂ ಬದಲಿ ಮಾಡ್ತೀಯೇನಬೇ?”

“ಸುಮ್ಕ ಕುಂದ್ರಲೇ!” ಅವಳು ಸೊಸೆಯ ಕೊರಳಿನ ದಾರಗಳನ್ನು ಒಂದೊಂದಾಗಿ ಬಿಚ್ಚಿ, ಆರನ್ನೂ ಮಗನ ಕೊರಳಿಗೆ ಬಿಗಿದಳು. “ಕೂಸು ಹುಟ್ಟೋತನಕ ನೀ ಕಟ್ಕಂಡಿರು.”

ಡಾಕ್ಟರು ನಗು ತಡೆಯಲು ಫೈಲು ಮುಖಕ್ಕೆ ಅಡ್ಡ ಹಿಡಿದರು. ಓಬಳೇಶ ಆಗಲೇ ಕತ್ತು ಕೆರೆದುಕೊಳ್ಳುತ್ತಿದ್ದ. “ಕಡೀತೈತಬೇ ಇದು!”

ರೋಜಾ ತನ್ನ ಬರಿಗೊರಳನ್ನು ಮೆಲ್ಲಗೆ ಸವರಿಕೊಂಡಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಎರಡು ವರ್ಷಕ್ಕ ರೂಢಿ ಆಗ್ತೈತಿ ಬಿಡ್ರಿ,” ಎಂದಳು ಗಂಡನಿಗೆ. “ನಂಗೂ ಹಂಗ ಆತು.”