ಬಲಗೈಯಲ್ಲಿ ಹಿದಕಿದ ಕಾಳು

ಮೊದಲನೆಯ ಕಾಳು ಬೈರಮ್ಮನ ಬೆರಳ ಸಂದಿಯಿಂದ ಜಾರಿ ಹಜಾರದ ಆ ತುದಿಗೆ ಹೋಗಿ ಬಿತ್ತು. ಎರಡನೆಯದೂ ಹಾಗೇ ಹೋಯಿತು. ಮೂರನೆಯದನ್ನು ಅವಳು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಒತ್ತಿದಳು. ನೆನೆದ ಸಿಪ್ಪೆ ಬಿರಿದು, ಒಳಗಿನ ಹಸಿರು ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರಿತು. ಲಕ್ವ ಹೊಡೆದು ಐದು ತಿಂಗಳಾದ ಮೇಲೆ ಆ ಬಲಗೈ ಮಾಡಿದ ಮೊದಲ ಕೆಲಸ ಅದು.

ಡೈರಿಗೆ ಹಾಲು ಹಾಕಿ ಬಂದ ಸೊಸೆ ಹೇಮಶ್ರೀ ಹಜಾರದ ತುಂಬ ಚೆಲ್ಲಿದ ಅವರೆಕಾಳು ನೋಡಿ ಬಾಗಿಲಲ್ಲೇ ನಿಂತಳು. ಹಿದಕಬೇಳೆ ಸಾರು ಮಾಡಬೇಕೆಂದು ಹಿಂದಿನ ಸಂಜೆ ಅವಳೇ ನೆನೆಹಾಕಿದ್ದ ಕಾಳು.

"ಇದ್ಯಾಕತ್ತೆ? ನಾನೇ ಬಂದು ಇದುಕ್ತಿದ್ನಲ್ಲ," ಎನ್ನುತ್ತಾ ಪಕ್ಕದಲ್ಲಿ ಕೂರಲು ಬಂದಳು. ಬೈರಮ್ಮ ಎಡಗೈಯಿಂದ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು.

"ನೀನ್ ಮಾಡ್ತೀಯ, ನಂಗೊತ್ತಿಲ್ವ? ಇವತ್ತು ನಂಗ್ ಬುಡವ್ವ."

ಸೊಸೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸೊಸೆ ತಲೆ ಬಾಚುತ್ತಿದ್ದಳು, ಸ್ನಾನ ಮಾಡಿಸುತ್ತಿದ್ದಳು. ಗಂಡ ಚಿಕ್ಕಸ್ವಾಮಿ ದಿನವೂ ಮುದ್ದೆ ಮುರಿದು, ಸಾರಿನಲ್ಲದ್ದಿ ಬಾಯಿಗಿಡುತ್ತಿದ್ದ. ಯಾರೂ ಒಂದು ಗಡುಸು ಮಾತಾಡಿದವರಲ್ಲ. ಆದರೆ ನಿನ್ನೆ ಜಗಲಿಯಲ್ಲಿ ಅವನು ಸೊಸೆಯ ಹತ್ತಿರ ತಗ್ಗಿದ ದನಿಯಲ್ಲಿ ಆಡಿದ್ದು ಒಳಗಿದ್ದ ಬೈರಮ್ಮನ ಕಿವಿಗೆ ಬಿದ್ದಿತ್ತು: "ಇಷ್ಟ್ ದಿನದಲ್ಲಿ ಬಂದಷ್ಟ್ ಬಂತು ಕಣವ್ವ. ಇನ್ನು ಆ ಕೈ ಮೇಲೆ ಆಸೆ ಮಡಿಕಬಾರ್ದು." ಹೇಳಿ, ಟವಲಿನಿಂದ ಮೂಗು ಒರೆಸಿಕೊಂಡಿದ್ದ. ರಾತ್ರಿಯೆಲ್ಲ ಅವಳಿಗೆ ನಿದ್ದೆ ಹತ್ತಿರಲಿಲ್ಲ. ಬೆಳಿಗ್ಗೆ ಅವನು ಪಾಂಡವಪುರಕ್ಕೆ ಹೊರಟಾಗ ಅವಳು ಹೇಳಿದ್ದು ಒಂದೇ ಮಾತು: "ಬತ್ತಾ ಅರ್ಧ ಕೆಜಿ ಕೈಮ ತತ್ತಾ. ಚಳಿ ಜಾಸ್ತಿ ಆಗದೆ."

ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಅರ್ಧ ತುಂಬಿತ್ತು. ಹೆಬ್ಬೆರಳ ತುದಿ ನೀರಿನಲ್ಲಿ ನೆನೆದು ಬಿಳಿಚಿಕೊಂಡಿತ್ತು. ಭುಜ ಕಿತ್ತು ಬರುವಂತೆ ನೋಯುತ್ತಿತ್ತು. ಗೋಡೆಗೊರಗಿ ಒಂದು ಗಳಿಗೆ ಕಣ್ಣು ಮುಚ್ಚಿದವಳು, ಹೇಮಶ್ರೀ ಸದ್ದಿಲ್ಲದೆ ಪಾತ್ರೆ ಎತ್ತಿಕೊಂಡಾಗ ಕಣ್ಣು ಬಿಡದೆಯೇ, "ಮಡುಗು ಅಲ್ಲೇ," ಎಂದಳು. ಹೇಮಶ್ರೀ ಮಡಗಿದಳು. ಕೊನೆಯ ಕಾಳು ಸಿಪ್ಪೆ ಬಿಡುವಾಗ ಬಿಸಿಲು ಹಿತ್ತಿಲು ದಾಟಿತ್ತು.

ಜಗಳ ಆದದ್ದು ಒಲೆಯ ಮುಂದೆ.

"ಇಲ್ಲಿಗಂಟ ಸುಮ್ಕಿದ್ದೆ ಅತ್ತೆ. ಒಲೆ ತಾವ ಮಾತ್ರ ಬ್ಯಾಡಿ," ಎಂದು ಹೇಮಶ್ರೀ ಅಡ್ಡ ನಿಂತಳು. ಅವಳ ಭಯ ಸುಳ್ಳಲ್ಲ. ಹೋದ ತಿಂಗಳು ಬೈರಮ್ಮ ಕಾದ ಹಾಲಿನ ಪಾತ್ರೆಯ ಮೇಲೆ ಅಂಗೈ ಊರಿ, ಚರ್ಮ ಸುಟ್ಟರೂ ತಿಳಿಯದೆ ನಿಂತಿದ್ದಳು. ಹದಿನೈದು ದಿನ ಮುಲಾಮು ಹಚ್ಚಿದವಳು ಇದೇ ಹೇಮಶ್ರೀ.

ಬೈರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು. ಒಂದೊಂದೇ ಪದ ಜೋಡಿಸಿ ಹೇಳಿದಳು.

"ಈ ಕೈಗೆ ಬಿಸಿ ಗೊತ್ತಾಗಕಿಲ್ಲ, ದಿಟ. ನಿಂಗ್ ಗೊತ್ತಾಯ್ತದಲ್ಲ. ಪಕ್ಕದಲ್ ನಿಂತ್ಕೊ. ಸುಡಂಗಿದ್ರೆ ಹೇಳು, ತೆಗಿತೀನಿ. ಹೇಳದು ನಿನ್ ಕೆಲ್ಸ, ತಿರುವದು ನಂದು."

ಹೇಮಶ್ರೀ ಹೋಗಿ ಕುರ್ಚಿ ತಂದು ಒಲೆಯ ಪಕ್ಕಕ್ಕಿಟ್ಟಳು. ದಪ್ಪ ಟವಲು ತಂದು ಅತ್ತೆಯ ಬಲಗೈಗೆ ಮೊಣಕೈವರೆಗೂ ಸುತ್ತಿದಳು. ಉದ್ದ ಹಿಡಿಯ ಮರದ ಸೌಟನ್ನು ಬೆರಳುಗಳಿಗೆ ಹಿಡಿಸಿ, ಗ್ಯಾಸು ಹಚ್ಚಿದಳು.

"ಗುಂಟೂರು ನಾಕು, ಬ್ಯಾಡಗಿ ಎಂಟು. ಚೆಕ್ಕೆ, ಲವಂಗ. ಬೆಳ್ಳುಳ್ಳಿ ಒಂದ್ ಗೆಡ್ಡೆ, ಕೈ ಇಡಿಬ್ಯಾಡ." ಬೈರಮ್ಮ ಹೇಳಿದಂತೆ ಸೊಸೆ ಹುರಿದು ಖಾರ ರುಬ್ಬಿದಳು. ಈರುಳ್ಳಿ ಕೆಂಪಾಯಿತು. ಚಿಕ್ಕಸ್ವಾಮಿ ತಂದುಕೊಟ್ಟು ಹೊಲಕ್ಕೆ ಹೋಗಿದ್ದ ಕೈಮ, ಆ ಕೊಚ್ಚಿದ ಮಾಂಸ, ಬಾಣಲೆಗೆ ಬಿತ್ತು. ಸೌಟು ಎರಡು ಸಲ ಬೆರಳಿಂದ ಜಾರಿತು. ಎರಡು ಸಲವೂ ಹೇಮಶ್ರೀ ಎತ್ತಿ ಮತ್ತೆ ಆ ಕೈಗೇ ಕೊಟ್ಟಳು. "ಅತ್ತೆ, ಆವಿ ಬತ್ತಾದೆ, ಮ್ಯಾಕೆತ್ತಿ" ಎಂದಾಗ ಬೈರಮ್ಮ ಎದುರಾಡದೆ ಕೈ ಎತ್ತಿದಳು. "ಈಗ ತಿರುವಿ" ಎಂದಾಗ ಭುಜದಿಂದ ಬಲ ಹಾಕಿ ತಿರುವಿದಳು. ಖಾರ ಕುದಿದು ಎಣ್ಣೆ ಬಿಟ್ಟ ಮೇಲೆ ಹಿದಕಿದ ಬೇಳೆ ಹಾಕಿದರು. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಒರೆಸಿಕೊಳ್ಳಲು ಇಬ್ಬರಿಗೂ ಕೈ ಬಿಡುವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಚಿಕ್ಕಸ್ವಾಮಿ ಕೈಕಾಲು ತೊಳೆದು ಬಂದ. ಎಂದಿನಂತೆ ಹೆಂಡತಿಗೆ ಮೊದಲು ಉಣಿಸೋಣವೆಂದು ಅವಳ ಮುದ್ದೆಗೆ ಕೈ ಹಾಕಿದ.

"ಅದನ್ ಬುಡು. ನಿನ್ ತಟ್ಟೆ ಇತ್ತಗ್ ತಾ," ಎಂದಳು ಬೈರಮ್ಮ.

ಬಲಗೈಯಲ್ಲಿ ಸೌಟು ಹಿಡಿದು ಪಾತ್ರೆಗೆ ಅದ್ದಿದಳು. ಅದು ಮೇಲೆದ್ದಿತು. ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಾ ತಟ್ಟೆಯ ಕಡೆ ಬಂತು. ಅರ್ಧ ಸಾರು ನೆಲಕ್ಕೆ ಚೆಲ್ಲಿತು, ಒಂದಿಷ್ಟು ಚಿಕ್ಕಸ್ವಾಮಿಯ ಪಂಚೆಯ ಮೇಲೆ ಬಿತ್ತು, ಮಿಕ್ಕದ್ದು ಮುದ್ದೆಯ ಪಕ್ಕಕ್ಕೆ ಸೇರಿತು. ಒರೆಸುವ ಬಟ್ಟೆ ಹಿಡಿದು ಮುಂದೆ ಬಂದ ಹೇಮಶ್ರೀ ಅಲ್ಲಿಯೇ ನಿಂತುಬಿಟ್ಟಳು.

ಚಿಕ್ಕಸ್ವಾಮಿ ಮಂಡಿ ಹಿಂದೆಳೆದುಕೊಳ್ಳಲಿಲ್ಲ. ಎರಡೂ ಕೈಯಲ್ಲಿ ತಟ್ಟೆಯನ್ನೆತ್ತಿ ಅವಳ ಮುಂದೆ ಇನ್ನಷ್ಟು ಹತ್ತಿರಕ್ಕೆ ಹಿಡಿದ.

"ಮುದ್ದೆಗೆ ಸಾಲಕಿಲ್ಲ ಕಣಮ್ಮಿ. ಇನ್ನೊಂದ್ ಸೌಟು ಬುಡು."