ಮಾವನ ಕೈಗೆ ದೊಡ್ಡ ಆವೃತ್ತಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ. "ಸಣ್ಣದೇ ಸಾಕು," ಎಂದು ಸೋದರಮಾವ ಟ್ಯಾಬ್ಲೆಟ್ಟನ್ನು ಸೋದರಸೊಸೆಯ ಕಡೆ ತಳ್ಳಿದರು. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ದೊಡ್ಡ ಆವೃತ್ತಿಯನ್ನು ಒಂದು ತಿಂಗಳು ಪುಕ್ಕಟೆ ಬಳಸಿದ್ದಾಗಿತ್ತು. ಸಂಜೆಯೊಳಗೆ ಸಣ್ಣದೋ ದೊಡ್ಡದೋ ತೀರ್ಮಾನವಾಗಬೇಕಿತ್ತು.

"ದೊಡ್ಡದರಲ್ಲಿ ಮುನ್ನೂರು ಬ್ರಷ್ ಇದೆ ಮಾವ."

"ನಲವತ್ತು ವರ್ಷ ಊರಿನ ಬೋರ್ಡೆಲ್ಲ ಬರೆದಿದ್ದು ನಾಲ್ಕೇ ಬ್ರಷ್ಷಲ್ಲಿ ಕಣೆ. ಅದರಲ್ಲೂ ಒಂದನ್ನ ನಿಮ್ಮತ್ತೆ ಹೊಲಿಗೆ ಮಷೀನಿನ ಧೂಳು ತೆಗೆಯೋಕೆ ಎತ್ಕೊಂಡ್ಲು."

ಅವಳ ಚಿಂತೆ ಬ್ರಷ್ಷಿನದಲ್ಲ. ವರ್ಷದಿಂದ ಮಾವನ ಬಲಗೈ ನಡುಗುತ್ತಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ; ಅವರ ಲೋಟಕ್ಕೆ ಅರ್ಧವೇ ಸುರಿಯುತ್ತಿದ್ದರು, ಅಷ್ಟೆ. ದೊಡ್ಡ ಆವೃತ್ತಿಯಲ್ಲಿ ನಡುಗುವ ಗೆರೆಯನ್ನು ನೇರ ಮಾಡುವ ಗುಂಡಿಯೊಂದಿತ್ತು. ಮೊದಲ ದಿನವೇ ಅವಳು ಅದನ್ನು ಗುಟ್ಟಾಗಿ ಒತ್ತಿಟ್ಟಿದ್ದಳು. ಅಕ್ಷರಗಳು ಎದೆ ಸೆಟೆಸಿ ನಿಂತವು. "ನೋಡು, ಕೈ ಮತ್ತೆ ಹದಕ್ಕೆ ಬಂತು," ಎಂದು ಮಾವ ಮೀಸೆ ತಿರುವಿದ್ದರು. ಸಣ್ಣದನ್ನು ಕೊಂಡರೆ ನಾಳೆ ಬೆಳಿಗ್ಗೆಯೇ ಆ ಮೀಸೆ ಇಳಿಯುತ್ತಿತ್ತು. ನಿಜ ಹೇಳೋಣವೆಂದರೆ ಬಾಯಿ ಬಾರದು.

ತನ್ನ ಬಾಯಿ ಬಾರದಿದ್ದರೇನು, ಬೇರೆಯವರ ದನಿ ಬರುತ್ತಿತ್ತಲ್ಲ. ಕಾಲೇಜಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲೇ ರಜೆ ಸಾರಿದ್ದವಳು ಅವಳು. ಮಹಡಿ ಹತ್ತಿ, ಗೆಳತಿಯಿಂದ ಎರವಲು ತಂದ ಫೋನಿನಿಂದ, ಮೂಗು ಹಿಡಿದುಕೊಂಡು ಮಾವನಿಗೆ ಕರೆ ಮಾಡಿದಳು.

"ನಮಸ್ಕಾರ ಸಾರ್. ಡ್ರಾಯಿಂಗ್ ಸಾಫ್ಟ್‌ವೇರ್ ಕಂಪನಿ ಮ್ಯಾನೇಜರ್ ಮಾತಾಡ್ತಿರೋದು. ನಿಮ್ಮಂಥ ಕಲಾವಿದರೇ ಸಣ್ಣದು ತಗೊಂಡ್ರೆ ನಮ್ಮ ಮಾನ ಏನಾಗ್ಬೇಕು?"

"ಅಯ್ಯೋ, ಹೌದಾ ಸ್ವಾಮಿ." ಮಾವನ ದನಿ ಬೆಣ್ಣೆಯಾಯಿತು. "ನಂದೂ ಒಂದು ದೂರಿತ್ತು. ಮೊನ್ನೆ ಕ್ಷೌರದಂಗಡಿ ಬೋರ್ಡಿಗೆ ಒಬ್ಬ ಗುಂಗುರು ಕೂದಲಿನವನನ್ನ ಬಿಡಿಸ್ತಿದ್ದೆ. ನಾನು ಎಷ್ಟು ಸುರುಳಿ ಸುತ್ತಿದ್ರೂ ನಿಮ್ಮ ಮಷೀನು ಬಾಚಿ ಬಾಚಿ ನೆಟ್ಟಗೆ ಮಾಡ್ತಿತ್ತು. ಯಾಕಪ್ಪಾ ಅಂತ ಹುಡುಕಿದ್ರೆ, ಯಾರೋ ಪುಣ್ಯಾತ್ಗಿತ್ತಿ ಒಂದು ಗುಂಡಿ ಒತ್ತಿಟ್ಟಿದ್ಲು."

ಅವಳ ಬೆರಳು ಮೂಗಿನಿಂದ ಜಾರಿತು.

"ಆಫ್ ಮಾಡಿದೆ. ಈ ನಡುಗೋ ಕೈಗೆ ಬಂದ ಗುಂಗುರು ಇಪ್ಪತ್ತರ ಪ್ರಾಯದಲ್ಲೂ ಬಂದಿರಲಿಲ್ಲ ಸ್ವಾಮಿ. ಅದಕ್ಕೇ ದೊಡ್ಡದೇ ಇರ್ಲಿ, ಅಕ್ಷರಕ್ಕೆ ಗುಂಡಿ ಒತ್ತಿ, ಕೂದಲಿಗೆ ಬಿಡೋಣ ಅಂತ. ಸಣ್ಣದು ಸಾಕು ಅಂದಿದ್ದು ಮನೇಲಿರೋ ಒಬ್ಬಳ ಬಾಯಿ ಬಿಡಿಸೋಕೆ. ಅವಳು ನೋಡಿದ್ರೆ ಮಹಡಿ ಮೇಲೆ ಹೋಗಿ ಕಂಪನಿನೇ ತೆಗೆದು ಕೂತವ್ಳೆ."

ಮ್ಯಾನೇಜರ್ ಗೋಡೆಗೆ ಒರಗಿ ಕುಸಿದು ಕೂತು ನಕ್ಕರು. ಆ ನಗು ಮೆಟ್ಟಿಲಿಳಿದು ಹೋಗಿ, ಮಾವನ ಫೋನಿನೊಳಗಿಂದ ಅವಳ ಕಿವಿಗೇ ಮತ್ತೊಮ್ಮೆ ಬಂತು.